ಹನ್ನೊಂದು ಗೂಡು, ಹನ್ನೆರಡು ದೀಪ

ಇರ್ವಿಂಗ್, ಟೆಕ್ಸಸ್
೨೩ ನವೆಂಬರ್ ೨೦೦೩, ಭಾನುವಾರ

ಪೂಜ್ಯ ಸುಶೀಲಮ್ಮನವರಿಗೆ, ನಿಮ್ಮ ಮಗಳು ನಿಶಿತಾಳ ಗೆಳತಿ ಮೃಣಾಲಿನಿ ಮಾಡುವ ನಮಸ್ಕಾರಗಳು.

ಅಮ್ಮಾ, ನೀವು ಹೇಳಿದ್ದೇ ನಿಜವಾಯಿತು. ಅವು ಹೂವಿನ ಪಾತಿಗಳಲ್ಲ.

ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಎರಡು ತಿಂಗಳು ಕಳೆದರೂ ಆ ದಿನ ಕಂಡದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮೂರು ಸಲ ಕಾಲಿಂಗ್ ಕಾರ್ಡ್ ಹಿಡಿದು ರಾಣೆಬೆನ್ನೂರಿನ ನಿಮ್ಮ ನಂಬರ್ ಒತ್ತಿದೆ. ಆ ಕಡೆ ರಿಂಗ್ ಆದ ಕೂಡಲೇ ಫೋನ್ ಇಟ್ಟುಬಿಟ್ಟೆ. ನಿಮ್ಮ ಮನೆಯಲ್ಲಿ ಯಾರೋ ಸುಮ್ಮನೆ ಕಾಡುತ್ತಿದ್ದಾರೆ ಎಂದು ಬೈದುಕೊಂಡಿದ್ದರೆ, ಆ ಬೈಗುಳ ನನ್ನದೇ. ನಿಶಿತಾಳಿಗೂ ನಾನು ಪೂರ್ತಿ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕು.

ನಿಮಗೆ ಆ ದಿನ ನೆನಪಿದೆಯಲ್ಲ? ಫೆಬ್ರವರಿಯ ಕೊನೆ. ನೀವು ನಿಶಿತಾಳ ಬಾಣಂತನಕ್ಕೆಂದು ಬಂದು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಆ ಮನೆಯಲ್ಲಿ ಎರಡು ತಿಂಗಳಾಗಿತ್ತು. ಕಾರು ಓಡಿಸಲು ಬಾರದವರು ಅಲ್ಲಿ ಗೇಟಿನಾಚೆ ಹೋಗುವಂತಿಲ್ಲ. ವಾರಕ್ಕೊಮ್ಮೆ ನಿಮ್ಮ ಕೈಯ ಊಟಕ್ಕೆ ಹಾಜರಾಗುತ್ತಿದ್ದ ನನ್ನನ್ನು ಹಿಡಿದು ನೀವು, "ಒಂದ್ ದಿನಾ ನನ್ನೂ ಎಲ್ಲಿಗಾರ ಕರ್ಕೊಂಡ್ ಹೋಗವಾ. ಇಲ್ಲಿ ಮಂದಿ ಮುಖಾನ ಕಾಣವಲ್ಲದು" ಅಂದಿರಿ. ಅಳಿಯ ಪ್ರಹ್ಲಾದ್ ರಜೆ ಹಾಕಿ ಮಗುವನ್ನು ನೋಡಿಕೊಳ್ಳುತ್ತೇನೆಂದರು. ನೀವು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕಾರು ಹತ್ತಿದಿರಿ. ನಾನು ನನ್ನ ತೋಟ ತೋರಿಸುತ್ತೇನೆ ಎಂದು ಜಂಬದಿಂದ ಹೊರಟೆ.

ನನ್ನ ತೋಟ! ಹಾಗೆಯೇ ಅನ್ನುತ್ತಿದ್ದೆ ಆಗ. ಆಸ್ಟಿನ್‌ನಿಂದ ಹ್ಯೂಸ್ಟನ್ ಕಡೆಗೆ ಒಂದೂವರೆ ಗಂಟೆಯ ದಾರಿ, ಕೊಲೊರಾಡೊ ನದಿಯ ದಂಡೆಯ ಫೇರ್‌ಲೀ ಎಸ್ಟೇಟ್. ಹಳೆಯ ಕಟ್ಟಡಗಳ ಓದಿಗೆಂದು ಯೂನಿವರ್ಸಿಟಿಗೆ ಬಂದ ನಾನು ಆ ಎಸ್ಟೇಟಿನ ಗೋಡೆತೋಟವನ್ನು ಎರಡು ವರ್ಷ ಅಳೆದಿದ್ದೆ. ದಾರಿಯುದ್ದಕ್ಕೂ ನಿಮಗೆ ಪಾಠ ಹೇಳಿದೆ. ಹತ್ತಿ ಬೆಳೆಸಿ ದುಡ್ಡು ಮಾಡಿದ ಮನೆತನ, ಮನೆ ಕಟ್ಟಿದ್ದು ಗುಲಾಮರ ಕಾಲದಲ್ಲಿ. ಆಮೇಲೆ ೧೯೧೧ರಲ್ಲಿ ಕಾರ್ನೀಲಿಯಾ ಎಂಬ ಮೊಮ್ಮಗಳು ಇಂಗ್ಲೆಂಡಿಗೆ ಹೋಗಿ, ಅಲ್ಲಿನ ದೊಡ್ಡ ಮನೆಗಳಲ್ಲಿ ನಾಲ್ಕೂ ಕಡೆ ಗೋಡೆ ಎಬ್ಬಿಸಿ ಹಣ್ಣು ತರಕಾರಿ ಬೆಳೆಯುವುದನ್ನು ನೋಡಿ, ತನಗೂ ಅಂಥದ್ದೇ ಬೇಕೆಂದಳು. ಇಂಗ್ಲೆಂಡಿನ ಚಳಿಗೆ ಆ ಗೋಡೆ ಬೇಕು. ಹಗಲು ಬಿಸಿಲನ್ನು ಹೀರಿ ಸಂಜೆಗೆ ಗಿಡಕ್ಕೆ ಕೊಡುತ್ತದೆ. ಟೆಕ್ಸಸ್ಸಿನಲ್ಲಿ ಅದನ್ನು ಕಟ್ಟುವುದೆಂದರೆ ಬಳ್ಳಾರಿಯ ಮೇ ತಿಂಗಳಲ್ಲಿ ರಗ್ಗು ಹೊದ್ದ ಹಾಗೆ. ಅದಕ್ಕೆ ನೀವು ನಕ್ಕಿರಿ.

ತೋಟದ ಒಳಗೆ ಬಂದಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಒಂಬತ್ತು ಅಡಿ ಎತ್ತರ, ಒಂದೂವರೆ ಅಡಿ ದಪ್ಪದ ಗೋಡೆ. ನದಿಯ ಮಣ್ಣನ್ನೇ ಅಚ್ಚಿಗೆ ಹಾಕಿ ಸುಟ್ಟ ಇಟ್ಟಿಗೆ. ಉತ್ತರದ ಗೋಡೆಗೆ ಒರಗಿಸಿ ಬೆಳೆಸಿದ ಪೀಚ್ ಮರಗಳು. ಮೂರು ಮೂಲೆ ನೂಲು ಹಿಡಿದಷ್ಟು ನೇರ. ಆಗ್ನೇಯ ಮೂಲೆಯಲ್ಲಿ ಮಾತ್ರ ಗೋಡೆ ಇಪ್ಪತ್ತೆರಡು ಅಡಿ ಹೊರಕ್ಕೆ ಸೊಟ್ಟಗೆ ಹೋಗಿ, ಒಂದು ಹಳೆಯ ಸೀಡರ್ ಮರವನ್ನೂ ಹನ್ನೊಂದು ತಗ್ಗು ಪಾತಿಗಳನ್ನೂ ಒಳಗೆ ಸೇರಿಸಿಕೊಂಡು ವಾಪಸು ಬರುತ್ತದೆ. ಆ ಸೊಟ್ಟಿನ ಗೋಡೆಯಲ್ಲಿ ಹನ್ನೊಂದು ಸಣ್ಣ ಗೂಡುಗಳು. ಪಕ್ಕದಲ್ಲಿ ಒಂದು ಗಿಡ್ಡ ಬಾಗಿಲಿದ್ದ ಗುರುತು, ಈಗ ಇಟ್ಟಿಗೆಯಿಂದ ಮುಚ್ಚಿದ್ದು.

ಆ ಗೂಡುಗಳೇ ನನ್ನ ಥೀಸಿಸ್ಸಿನ ಕಿರೀಟ. ಇಂಗ್ಲೆಂಡಿನ ತೋಟಗಳಲ್ಲಿ ಜೇನುಬುಟ್ಟಿ ಇಡಲು ಗೋಡೆಯಲ್ಲಿ ಗೂಡು ಬಿಡುತ್ತಾರೆ. ಕಾರ್ನೀಲಿಯಾಳ ನೋಟ್‌ಬುಕ್ಕಿನಲ್ಲಿ ಅವಳ ಕೈಬರಹದಲ್ಲೇ "ಜೇನುಗೂಡು, ಹನ್ನೊಂದು" ಎಂದಿತ್ತು. ಟೆಕ್ಸಸ್ಸಿನಲ್ಲಿ ಇಂಥದ್ದು ಬೇರೆಲ್ಲೂ ನೋಡಿಲ್ಲ ಎಂದು ನಮ್ಮ ಪ್ರೊಫೆಸರ್ ಕುಣಿದಾಡಿದ್ದರು. ಗೂಡಿನ ಮೇಲ್ಭಾಗದ ಮಸಿಗೆ, ಜೇನು ಬಿಡಿಸಲು ಹೊಗೆ ಹಾಕಿದ ಗುರುತು ಎಂದು ಬರೆದೆ. ಅಕ್ಕಪಕ್ಕ ಸಿಕ್ಕ ಒಡೆದ ಪಿಂಗಾಣಿ, ಕಪ್ಪೆಚಿಪ್ಪುಗಳಿಗೆ ಅಡುಗೆಮನೆಯ ಕಸ ಎಂದು ಬರೆದೆ.

ನೀವು ಆ ಮೂಲೆಗೆ ಬಂದವರು ಗಕ್ಕನೆ ನಿಂತಿರಿ. ಒಂದು ಸಲ ಸುತ್ತ ನೋಡಿದಿರಿ. ಬಗ್ಗಿ ಚಪ್ಪಲಿ ಬಿಚ್ಚಿದಿರಿ.

"ಚಪ್ಪಲಿ ತಗಿಯವಾ. ಇವು ಪಾತಿ ಅಲ್ಲ. ಇಲ್ಲಿ ಮಂದಿ ಮಲಗ್ಯಾರ."

ನನಗೆ ನಗು ಬಂತು. ನಿಮಗೆ ನಗು ಬರಲಿಲ್ಲ. ಒಂದೊಂದು ಪಾತಿಯ ತಲೆಯ ಕಡೆ ಕೈ ತೋರಿಸಿ, "ಎಲ್ಲಾ ಒಂದ ದಿಕ್ಕಿಗೆ ಅದಾವ ನೋಡು. ಆಳುದ್ದ ಅದಾವ. ಮಣ್ಣು ಕುಸದೈತಿ" ಅಂದಿರಿ. ಗೂಡಿನೊಳಗೆ ಕೈ ಆಡಿಸಿ ಮಸಿ ಹತ್ತಿದ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದರಾಗ ಜೇನಿನ ಬುಟ್ಟಿ ಹಿಡಸತೈತೇನ? ದೀಪಾ ಇಡೂ ಮಾಡ ಇದು" ಅಂದಿರಿ.

ಅಮ್ಮಾ, ನಿಮ್ಮಲ್ಲಿ ಮಣ್ಣು ಮಾಡುತ್ತಾರೆ. ನಿಮ್ಮ ಯಜಮಾನರು ನೀಲಕಂಠಪ್ಪನವರ ಸಮಾಧಿ ಹೊಲದಲ್ಲೇ ಇದೆ, ಅಮಾವಾಸ್ಯೆಗೆ ನೀವೇ ದೀಪ ಇಡುತ್ತೀರಿ. ಮೈಸೂರಿನ ನಮ್ಮ ಮನೆಯಲ್ಲಿ ಸುಡುತ್ತಾರೆ. ಹೆಂಗಸರು ಸ್ಮಶಾನದ ಕಡೆ ತಲೆ ಹಾಕುವಂತಿಲ್ಲ. ನಮ್ಮಜ್ಜಿ ಹೋದಾಗ ನಾನು ಬೀದಿ ಬಾಗಿಲವರೆಗೆ ಹೋಗಿ ನಿಂತವಳು. ಇಪ್ಪತ್ತಾರು ವರ್ಷಕ್ಕೆ ಒಂದು ಗೋರಿಯನ್ನೂ ಹತ್ತಿರದಿಂದ ನೋಡಿರದವಳು ಹನ್ನೊಂದು ಗೋರಿಗಳ ಮೇಲೆ ಟೇಪು ಹಿಡಿದು ಓಡಾಡಿ, ಬಿಸಿಲಿಗೆ ನೀರು ನಿಲ್ಲಲಿ ಎಂದು ತಗ್ಗು ಮಾಡಿದ ಪಾತಿಗಳು ಎಂದು ಬರೆದಿದ್ದೆ. ಓದಿ ಓದಿ ಮರುಳಾದ ಕೂಚಂಭಟ್ಟನ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನೀವು ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಪ್ರತಿ ಗೂಡಿಗೂ ಮೂರು ಬೆರಳು ಎಳೆದಿರಿ. ನೆಲಕ್ಕೂ ಗೋಡೆಗೂ ಹಬ್ಬಿದ್ದ ಬಳ್ಳಿಯಿಂದ ನೀಲಿ ಹೂ ಕಿತ್ತು ಪ್ರತಿ ಪಾತಿಗೂ ಒಂದೊಂದು ಇಟ್ಟಿರಿ. ಆಮೇಲೆ ಮುಚ್ಚಿದ ಬಾಗಿಲ ಬಳಿ ಬರಿಯ ನೆಲದ ಮೇಲೆ ಇನ್ನೊಂದು ಹೂ ಇಟ್ಟಿರಿ.

"ಹನ್ನೊಂದೇ ಇರೋದು ಆಂಟಿ" ಅಂದೆ ನಾನು, ವ್ಯಂಗ್ಯವಾಗಿ.

"ಹನ್ನೆರಡು. ಇದು ಕೂಸಿಂದು. ಬಾಗಲಾ ತಗದ ಕೂಡಲೆ ತಾಯಿ ಕಣ್ಣಿಗೆ ಮೊದಲ ಬೀಳಲಿ ಅಂತ ಇಲ್ಲಿ ಇಟ್ಟಾರ."

ಅಷ್ಟರಲ್ಲಿ ಎಸ್ಟೇಟಿನ ಮ್ಯಾನೇಜರ್ ಬಂದ. ನೂರು ವರ್ಷದ ಇಟ್ಟಿಗೆಗೆ ಇದೇನು ಬಳಿದಿದ್ದೀರಿ ಎಂದು ಕೇಳಿದ. ನನ್ನ ಮುಖ ಕೆಂಪಗಾಯಿತು. ನಿಮ್ಮ ಕಣ್ಣೆದುರೇ ಒದ್ದೆ ಟಿಶ್ಯೂ ತೆಗೆದುಕೊಂಡು ಒಂದೊಂದೇ ಗೂಡಿನ ವಿಭೂತಿ ಒರೆಸುತ್ತ ಹೋದೆ. ಕಾರಿನಲ್ಲಿ ನಿಮಗೆ ಬೈದೆ. "ಇದು ರಾಣೆಬೆನ್ನೂರಲ್ಲ ಆಂಟಿ. ಎರಡು ವರ್ಷದ ಕೆಲಸ ಇದು ನಂದು. ಗೊತ್ತಿಲ್ಲದ್ದರಲ್ಲಿ ಯಾಕೆ ಕೈ ಹಾಕ್ತೀರಾ?" ಅಂದೆ. ನೀವು ಕಿಟಕಿಯ ಕಡೆ ತಿರುಗಿ, "ನಂದೂ ಒಂದ್ ಐತವಾ, ಹೊಲದ ಬದುವಿಗೆ" ಅಂದಿರಿ. ನಾನು, "ಒಂದ್ನಿಮಿಷ ಆಂಟಿ, ಎಕ್ಸಿಟ್ ಮಿಸ್ ಆಗತ್ತೆ" ಎಂದು ಹೈವೇ ಇಳಿಯುವ ತಿರುವಿನ ಬೋರ್ಡು ಹುಡುಕಿದೆ. ಆಮೇಲೆ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟಕ್ಕೂ ನಿಲ್ಲಿಸಿದೆನೇ? ರಾತ್ರಿ ಊಟಕ್ಕೆ ಕೂತಾಗ, "ಸುಶೀಲಾ ಆಂಟಿ ಟೆಕ್ಸಸ್‌ನಲ್ಲಿ ಸ್ಮಶಾನ ಕಂಡುಹಿಡಿದರು!" ಎಂದು ಎಲ್ಲರನ್ನೂ ನಗಿಸಿದೆ. ನೀವೂ ಮಗುವಿನ ಬೆನ್ನು ತಟ್ಟುತ್ತ ನಕ್ಕಂತೆ ಮಾಡಿದಿರಿ. ಆ ನಗು ನೆನಪಾದರೆ ಈಗ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಜೂನ್‌ನಲ್ಲಿ ನೀವು ಊರಿಗೆ ಹೋದಿರಿ. ನನ್ನ ಥೀಸಿಸ್ ಪಾಸಾಯಿತು. ಆ ಜೇನುಗೂಡುಗಳ ಹೆಸರಿನಲ್ಲೇ ಡಲ್ಲಾಸ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕು ಪಕ್ಕದ ಇರ್ವಿಂಗ್‌ಗೆ ಶಿಫ್ಟ್ ಆದೆ. ಎಸ್ಟೇಟನ್ನು ಮದುವೆ ಸಮಾರಂಭ ನಡೆಸುವ ಒಂದು ಕಂಪನಿ ಕೊಂಡುಕೊಂಡಿತು. ತೋಟದಲ್ಲಿ ಏನು ಉಳಿಸಬೇಕು, ಏನು ತೆಗೆಯಬಹುದು ಎಂಬ ವರದಿಯನ್ನು ನಮ್ಮ ಆಫೀಸೇ ಕೊಟ್ಟಿತು, ಬರೆದವಳು ನಾನು. "ಆಗ್ನೇಯ ಮೂಲೆಯ ಪಾತಿಗಳಿಗೆ ವಿಶೇಷ ಮಹತ್ವವಿಲ್ಲ, ಅಲ್ಲಿ ಕೊಳ ಮಾಡಬಹುದು." ಈ ವಾಕ್ಯ ನನ್ನದು. ಕೆಳಗೆ ನನ್ನ ಸಹಿ ಇದೆ.

ಸೆಪ್ಟೆಂಬರ್ ಹದಿನೇಳು, ಬುಧವಾರ. ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಫೋನ್ ಮಾಡಿದ. ಅವನ ದನಿಯೇ ಬೇರೆಯಾಗಿತ್ತು. ಕೂಡಲೇ ಬಾ ಎಂದನೇ ಹೊರತು ಏನಾಯಿತೆಂದು ಹೇಳಲಿಲ್ಲ. ನಾಲ್ಕು ಗಂಟೆ ಡ್ರೈವ್ ಮಾಡಿ ಹೋದೆ. ಅಗೆಯುವ ಯಂತ್ರ ತನ್ನ ಕೈ ಮೇಲೆತ್ತಿಕೊಂಡು ಹಾಗೇ ನಿಂತಿತ್ತು. ಓಡಿಸುತ್ತಿದ್ದವನು ಟೋಪಿ ತೆಗೆದು ಕಾಂಪೌಂಡಿನ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ. ತೋಡಿದ ಕುಳಿಯ ಅಂಚಿಗೆ ಹೋಗಿ ಇಣುಕಿದೆ. ಕಪ್ಪಾದ ಹಲಗೆಯ ಚೂರು. ಮಣ್ಣಿನಲ್ಲಿ ಮೇಲಿಂದ ಕೆಳಗೆ ಒಂದೇ ಸಾಲಾಗಿ ಆರು ಬಿಳಿ ಗುಂಡಿಗಳು, ಅಂಗಿ ಹಾಕಿದವರ ಎದೆಯ ಮೇಲೆ ಇರುವ ಹಾಗೆಯೇ.

ಅಯ್ಯೋ ದೇವರೇ! ನಾನು ಕಿರುಚಿದೆನೋ, ಬಾಯಿಂದ ಏನೂ ಹೊರಡಲಿಲ್ಲವೋ, ಗೊತ್ತಿಲ್ಲ. ಅಲ್ಲೇ ಕೂತುಬಿಟ್ಟೆ. ಕೂತದ್ದು ಎಲ್ಲಿ ಎಂದು ಹೊಳೆದ ಕೂಡಲೇ ಹಾವು ತುಳಿದವಳ ಹಾಗೆ ಹಾರಿ ಎದ್ದೆ. ಆಗ ನೆನಪಾಗಿ ಶೂ ಬಿಚ್ಚಿದೆ. ಏಳು ತಿಂಗಳ ಮೇಲೆ, ನೀವು ಹೇಳಿದ ಮಾತು ನಡೆಸಿದೆ.

ಪೊಲೀಸರು ಕೆಲಸ ನಿಲ್ಲಿಸಿದರು. ಮಾರನೆಯ ವಾರ ಹ್ಯೂಸ್ಟನ್‌ನಿಂದ ಒಡೆಸ್ಸಾ ಎಂಬ ಎಂಬತ್ತನಾಲ್ಕು ವರ್ಷದ ಕರಿಯ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಅವರ ಹಿರಿಯರು ಆ ಎಸ್ಟೇಟಿನ ಗುಲಾಮರು. ಅಲ್ಲಿ ಮಲಗಿದವರು ಅವರದೇ ಜನ. ನಾನು ಕಸ ಎಂದು ಬರೆದ ಪಿಂಗಾಣಿ, ಕಪ್ಪೆಚಿಪ್ಪು ಗೋರಿಗಳ ಮೇಲೆ ಅವರ ಮನೆಯವರು ಇಟ್ಟದ್ದು. ಗೋಡೆ ಕಟ್ಟಿದ ಮೇಸ್ತ್ರಿ ಅವರ ತಾತ.

ಅಮ್ಮಾ, ಆ ತಾತನ ಕತೆ ಕೇಳಿ. ಕಾರ್ನೀಲಿಯಾ ಗೋಡೆಯನ್ನು ನೆಟ್ಟಗೆ ಎಳೆಯಲು ಹೇಳಿದ್ದಳಂತೆ, ಗೋರಿಗಳ ಮೇಲೇ. ಬೇಡ ಅನ್ನುವ ಧೈರ್ಯ ಆ ಕಾಲದಲ್ಲಿ ಕರಿಯ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಇಲ್ಲಿ ನೆಲ ಮೆತ್ತಗಿದೆ, ಗೋಡೆ ಕುಸಿಯುತ್ತದೆ ಎಂದು ಸುಳ್ಳು ಹೇಳಿ, ಗೋಡೆಯನ್ನು ಸೊಟ್ಟಗೆ ತಿರುಗಿಸಿ ತನ್ನವರನ್ನೆಲ್ಲ ಉಳಿಸಿಕೊಂಡ. ಹನ್ನೊಂದು ಜನಕ್ಕೆ ಹನ್ನೊಂದು ದೀಪದ ಗೂಡು ಬಿಟ್ಟ. ಇದೇನು ಎಂದು ಯಜಮಾನಿ ಕೇಳಿದ್ದಕ್ಕೆ, ಜೇನಿಗೆ ಅಮ್ಮಣ್ಣಿ ಅಂದ. ಅವಳು ಖುಷಿಯಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತೊಂಬತ್ತು ವರ್ಷ ಬಿಟ್ಟು ನಾನು ಬಂದು ಅವನ ಸುಳ್ಳನ್ನು ಕಾಪಿ ಹೊಡೆದು ಡಿಗ್ರಿ ತೆಗೆದುಕೊಂಡೆ. ಕೆಲಸದವರ ಓಡಾಟಕ್ಕೆಂದು ಅವನು ಇಟ್ಟ ಗಿಡ್ಡ ಬಾಗಿಲಿನಿಂದ ಭಾನುವಾರ ಸಂಜೆ ಅವರ ಮನೆಯವರೆಲ್ಲ ದೀಪ ಹಿಡಿದು ಬರುತ್ತಿದ್ದರು. ಮುಂದಿನ ಯಜಮಾನ ೧೯೩೮ರಲ್ಲಿ ಅದನ್ನು ಮುಚ್ಚಿಸಿದ. ಆಗ ಒಡೆಸ್ಸಾಗೆ ಹತ್ತೊಂಬತ್ತು.

ಎಲ್ಲರೂ ಸೇರಿ ಒಪ್ಪಂದಕ್ಕೆ ಬಂದರು. ಹನ್ನೊಂದು ಗೋರಿ ಮುಟ್ಟುವುದಿಲ್ಲ, ಸುತ್ತ ಬೇಲಿ ಹಾಕುವುದು, ಕೊಳವನ್ನು ಸ್ವಲ್ಪ ಈಚೆಗೆ, ಮುಚ್ಚಿದ ಬಾಗಿಲ ಹತ್ತಿರ ತೋಡುವುದು.

ಬಾಗಿಲ ಹತ್ತಿರ! ನಕಾಶೆ ನೋಡಿದ ಕೂಡಲೇ ಬರಿಯ ನೆಲದ ಮೇಲೆ ನೀವಿಟ್ಟ ಆ ನೀಲಿ ಹೂ ಕಣ್ಣಿಗೆ ಕಟ್ಟಿತು. ಆಫೀಸಿನ ಹಿರಿಯರು ಚಂದ್ರಮೋಹನ ಅವರಿಗೆ ಹೇಳಿದೆ. ಬೆಂಗಳೂರಿನವರು, ನನಗೆ ಕೆಲಸ ಕೊಡಿಸಿದವರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮ, ಹನ್ನೊಂದು ಅಂತ ಅವರ ಮನೆಯವರೇ ಒಪ್ಪಿದಾರೆ. ಯಾರೋ ಆಂಟಿ ಹೂ ಇಟ್ರು ಅಂತ ನೀನು ಮೀಟಿಂಗ್‌ನಲ್ಲಿ ಹೇಳ್ತೀಯಾ? ಮೊದಲೇ ನಿನಗೆ ಗೊತ್ತಿತ್ತು ಅಂತಾಗತ್ತೆ. ಎಚ್-ಒನ್ ವೀಸಾ ಪೇಪರ್ಸ್ ಇನ್ನೂ ಆಗಿಲ್ಲ ನಿಂದು. ಸುಮ್ನಿರು" ಅಂದರು. ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು.

ಎರಡು ದಿನ ಸುಮ್ಮನಿದ್ದೆ ಅಮ್ಮಾ. ಅದನ್ನೂ ನಿಮಗೆ ಮುಚ್ಚಿಡುವುದಿಲ್ಲ. ವೀಸಾ ಹೋದರೆ ಗಂಟುಮೂಟೆ ಕಟ್ಟಿ ಮೈಸೂರಿಗೆ ಹೋಗಬೇಕು ಎಂದು ಹೆದರಿ ಸುಮ್ಮನಿದ್ದೆ. ಮೂರನೆಯ ದಿನ ಮೀಟಿಂಗ್. ಕಂಪನಿಯವರು, ಸರ್ಕಾರದವರು, ಒಡೆಸ್ಸಾ ಎಲ್ಲರೂ ಇದ್ದರು. ಎದ್ದು ನಿಂತೆ. ನನ್ನ ವರದಿ ತಪ್ಪು ಅಂದೆ. ರಾಣೆಬೆನ್ನೂರಿನ ಸುಶೀಲಮ್ಮ ಎಂಬ ತಾಯಿ ಫೆಬ್ರವರಿಯಲ್ಲೇ ಇವು ಗೋರಿಗಳು ಎಂದು ನನಗೆ ಹೇಳಿದ್ದರು, ನಾನು ನಕ್ಕೆ ಅಂದೆ. ಅವರು ಎಣಿಸಿದ್ದು ಹನ್ನೆರಡು, ಹನ್ನೆರಡನೆಯದು ಮಗುವಿನದು, ಬಾಗಿಲ ಬಳಿ ಇದೆ ಅಂದೆ. ಚಂದ್ರಮೋಹನ ತಲೆ ತಗ್ಗಿಸಿ ಕೂತರು. ಕಂಪನಿಯವನೊಬ್ಬ ನಕ್ಕ, ಥೇಟ್ ನಾನು ನಕ್ಕ ಹಾಗೆಯೇ.

ಒಡೆಸ್ಸಾ ನಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಅಜ್ಜಿ, ಆ ಮೇಸ್ತ್ರಿಯ ಹೆಂಡತಿ, ಬಾಗಿಲು ದಾಟಿದ ಕೂಡಲೇ ಪ್ರತಿ ಸಲವೂ ನೆಲಕ್ಕೆ ಕೈ ಊರಿ ಸ್ವಲ್ಪ ಹೊತ್ತು ಕೂರುತ್ತಿದ್ದರಂತೆ. ಮುದುಕಿ, ನಡೆದು ದಣಿದಿದ್ದಾಳೆ ಎಂದು ಮಕ್ಕಳೆಲ್ಲ ಅಂದುಕೊಳ್ಳುತ್ತಿದ್ದರಂತೆ. "ದಣಿವಲ್ಲ ಅದು, ದಣಿವಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಆ ಎಂಬತ್ತನಾಲ್ಕರ ಅಜ್ಜಿ ಅತ್ತರು. ನಾನೂ ಅತ್ತೆ.

ಮಾರನೆಯ ದಿನ ಸರ್ಕಾರದ ಕಡೆಯವರು ಕರಣೆ ಹಿಡಿದು ಆ ಜಾಗದ ಮೇಲ್ಮಣ್ಣನ್ನು ಮೆಲ್ಲಗೆ ಕೆರೆದರು. ಒಂದೂವರೆ ಅಡಿ ಕೆಳಗೆ ಬೇರೆ ಬಣ್ಣದ ಮಣ್ಣಿನ ಚೌಕ ಕಂಡಿತು. ಉದ್ದ ಎರಡೂವರೆ ಅಡಿ, ಅಷ್ಟೇ. ಅದಕ್ಕಿಂತ ಕೆಳಗೆ ಯಾರೂ ಹೋಗಲಿಲ್ಲ, ಮತ್ತೆ ಮುಚ್ಚಿದರು. ಗೂಡು ಕಟ್ಟಿ ಮುಗಿಸಿದ ಮೇಲೆ ಹೋದ ಮಗು ಇರಬೇಕು, ಅದಕ್ಕೇ ಅದಕ್ಕೊಂದು ಗೂಡಿಲ್ಲ. ಕೊಳದ ಯೋಜನೆಯನ್ನೇ ಕೈಬಿಟ್ಟರು. ನನ್ನ ಕೆಲಸ ಈ ತಿಂಗಳ ಕೊನೆಯವರೆಗೆ. ಆಮೇಲಿನದು ಆಮೇಲೆ.

ಇನ್ನೊಂದಿದೆ. ಬಳ್ಳಿ ಸರಿಸಿ ಗೂಡುಗಳನ್ನು ಚೊಕ್ಕಟ ಮಾಡುವಾಗ ಕೊನೆಯ ಗೂಡಿನೊಳಗೆ ನನ್ನ ಕೈಗೆ ಏನೋ ತಗುಲಿತು. ಆ ದಿನ ನೀವು ಅಲ್ಲೇ ಇಟ್ಟುಬಂದ ವಿಭೂತಿ ಗಟ್ಟಿ. ನಾನು ಒರೆಸಿದ್ದು ಹತ್ತು ಗೂಡು, ಅದು ಬಳ್ಳಿಯ ಮರೆಯಲ್ಲಿ ಉಳಿದಿತ್ತು. ಮಳೆ ತಾಗಿರಲಿಲ್ಲ. ನಿಮ್ಮ ಮೂರು ಬೆರಳಿನ ಗೆರೆಯೂ ಹಾಗೇ ಇತ್ತು. ಒಡೆಸ್ಸಾ ಅದನ್ನು ನೋಡಿ, ಅರವತ್ತೈದು ವರ್ಷದಿಂದ ನಮ್ಮವರ ಹತ್ತಿರ ಯಾರೂ ಬಂದಿಲ್ಲ ಎಂದುಕೊಂಡಿದ್ದೆ, ಒಬ್ಬರು ಬಂದು ಹೋಗಿದ್ದಾರೆ ಅಂದರು.

ಹೋದ ಭಾನುವಾರ ದೀಪ ಇಟ್ಟರು. ಹನ್ನೊಂದು ದೀಪ ಗೂಡಿನಲ್ಲಿ. ಹನ್ನೆರಡನೆಯದನ್ನು ಒಡೆಸ್ಸಾ ನನ್ನ ಕೈಗೆ ಕೊಟ್ಟು, ಮೊದಲು ಕಂಡವರು ಇಲ್ಲಿಲ್ಲವಲ್ಲ, ಅವರ ಪರವಾಗಿ ನೀನಿಡು ಅಂದರು. ಬರಿಗಾಲಲ್ಲಿ ಹೋಗಿ ಬಾಗಿಲ ಬಳಿ ನೆಲದ ಮೇಲಿಟ್ಟೆ. ಏಳಲು ಹೋದಾಗ ಕಾರಿನ ಕಿಟಕಿಯ ಕಡೆ ತಿರುಗಿ ನೀವಾಡಿದ ಮಾತು ಕಿವಿಯಲ್ಲಿ ಕೇಳಿತು. ನಂದೂ ಒಂದ್ ಐತವಾ, ಹೊಲದ ಬದುವಿಗೆ. ಆಗ ಅರ್ಥವಾಯಿತು ಅಮ್ಮಾ. ಅಲ್ಲಿ ಮಗು ಮಲಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂಬುದು ಅರ್ಥವಾಯಿತು. ಏಳದೆ ನಾನೂ ಒಡೆಸ್ಸಾರ ಅಜ್ಜಿಯ ಹಾಗೆ ನೆಲಕ್ಕೆ ಕೈ ಊರಿ ಕೂತುಬಿಟ್ಟೆ.

ನಿಶಿತಾಳಿಗಿಂತ ಮೊದಲಿನದೇ? ಹೆಣ್ಣೇ, ಗಂಡೇ? ಎಷ್ಟು ದಿನ ಇತ್ತು? ಒಂದು ಎಕ್ಸಿಟ್ ತಪ್ಪಿದ್ದರೆ ಏನು ಮುಳುಗಿಹೋಗುತ್ತಿತ್ತು? ಆ ದಿನ ಕೇಳಬೇಕಿದ್ದನ್ನು ಇವತ್ತು ಕೇಳುತ್ತಿದ್ದೇನೆ. ಹೇಳಬೇಕೆನಿಸಿದರೆ ಮಾತ್ರ ಹೇಳಿ. ಅದಕ್ಕೆ ಹೆಸರಿಟ್ಟಿದ್ದಿರಾ ಅಮ್ಮಾ?

ನಿಮ್ಮ ಹೊಲದ ಬದುವಿನಲ್ಲಿ ಮಲಗಿದವರೆಲ್ಲರ ಮೇಲೆ ತಂಪು ನೆರಳಿರಲಿ. ಬರುವ ಅಮಾವಾಸ್ಯೆಗೆ ನನ್ನ ಲೆಕ್ಕದಲ್ಲೂ ಅಲ್ಲೊಂದು ದೀಪ ಹಚ್ಚಿಡಿ.

ನಿಮ್ಮ ಮಾತನ್ನು ಒರೆಸಿಹಾಕಿದ, ಈಗ ನಿಮ್ಮ ಉತ್ತರಕ್ಕೆ ಕಾದು ಕೂತ
ಮೃಣಾಲಿನಿ